ಥಮ್ಸ್ ಅಪ್ ಒತ್ತಿದ್ದಕ್ಕೆ ಕೆಲಸ ಹೋಯ್ತು: ಆಫೀಸಿನ ಸ್ಲ್ಯಾಂಗ್‌ಗೆ ಅರ್ಥ ಕೊಡೋದು ಯಾರು?

ಮೇಘಾಲಯದಲ್ಲಿ ರೈಲ್ವೆ ರಕ್ಷಣಾ ಪಡೆಯ ಅಧಿಕಾರಿಯೊಬ್ಬರ ಕೊಲೆಯಾಯಿತು. ಕೊಂದವನು ಅದೇ ಪಡೆಯ ಸಿಬ್ಬಂದಿ. ಆ ಸುದ್ದಿ ಇಲಾಖೆಯ ವಾಟ್ಸಾಪ್ ಗ್ರೂಪಿಗೆ ಬಂದಾಗ ಕಾನ್‌ಸ್ಟೆಬಲ್ ಒಬ್ಬರು ಅದಕ್ಕೆ ಹೆಬ್ಬೆರಳು ಎತ್ತಿದ ಎಮೋಜಿ ಒತ್ತಿದರು. ಮೇಲಧಿಕಾರಿಗಳಿಗೆ ಅದು ಕೊಲೆಯನ್ನು ಸಂಭ್ರಮಿಸಿದ ಹಾಗೆ ಕಂಡಿತು. ವಿಚಾರಣೆ ನಡೆಯಿತು, ಕಾನ್‌ಸ್ಟೆಬಲ್ ಕೆಲಸ ಹೋಯಿತು. ಅವರು ಮದ್ರಾಸ್ ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠ ಅವರ ಪರ ತೀರ್ಪು ಕೊಟ್ಟಿತು. ಇಲಾಖೆ ಅಷ್ಟಕ್ಕೇ ಸುಮ್ಮನಾಗದೆ ಮೇಲ್ಮನವಿ ಹಾಕಿತು. ಕೊನೆಗೆ 2024ರ ಮಾರ್ಚ್‌ನಲ್ಲಿ ವಿಭಾಗೀಯ ಪೀಠ ಹೇಳಿದ್ದಿಷ್ಟು: ಅದು ‘ಮೆಸೇಜ್ ನೋಡಿದ್ದೇನೆ’ ಅನ್ನೋದಕ್ಕೆ ಹಾಕಿದ ಗುರುತು, ಅದನ್ನು ಕೊಲೆಯ ಸಂಭ್ರಮ ಅಂತ ಓದೋದಕ್ಕೆ ಆಗಲ್ಲ.

ಒಂದು ಹೆಬ್ಬೆರಳಿನ ಅರ್ಥ ಏನು ಅಂತ ತೀರ್ಮಾನ ಆಗೋದಕ್ಕೆ ಎರಡು ಹಂತದ ಹೈಕೋರ್ಟ್ ವಿಚಾರಣೆ ಬೇಕಾಯಿತು. ಅಲ್ಲಿಯವರೆಗೂ ಬೆಲೆ ತೆತ್ತವರು ಕಾನ್‌ಸ್ಟೆಬಲ್. ಅದನ್ನು ತಪ್ಪಾಗಿ ಓದಿದವರಿಗೆ ಆಗಿದ್ದು ಏನೂ ಇಲ್ಲ.

ಆಫೀಸಿನಲ್ಲಿ ಹೊಸ ಕಾಲದ ಮಾತುಗಳಿಂದ ಆಗುವ ಗೊಂದಲದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇದನ್ನು ವಯಸ್ಸಿನ ಜಗಳ ಮಾಡಿಬಿಡ್ತಾರೆ. ಇತ್ತ ಹುಡುಗರು, ಅತ್ತ ಅಂಕಲ್‌ಗಳು, ಮಧ್ಯೆ ಒಂದು ಪದಕೋಶ. ನನ್ನ ಪ್ರಕಾರ ಅದು ಅರ್ಧ ಕಥೆ. ಯಾವ ಭಾಷೆಯಲ್ಲಾದರೂ ಮಾತು ತಪ್ಪಾಗಿ ಕೇಳಿಸುತ್ತದೆ, ಅದೇನೂ ಹೊಸದಲ್ಲ. ತಪ್ಪಾಗಿ ಕೇಳಿಸಿದ ಮೇಲೆ ಯಾರು ಹೇಳಿದ ಅರ್ಥ ನಿಲ್ಲುತ್ತದೆ, ಯಾರ ಹೊಟ್ಟೆ ಮೇಲೆ ಹೊಡೆತ ಬೀಳುತ್ತದೆ ಅನ್ನೋದು ಉಳಿದರ್ಧ.

ಒಂದು ಹಳೆಯ ಉದಾಹರಣೆ ನೋಡಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾಧಿಕಾರಿಗಳು ಒಂದು ಸಭೆಯಲ್ಲಿ ಕೂತಿದ್ದರು. ಬ್ರಿಟಿಷರು ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಅಂದರು. ಅವರ ಇಂಗ್ಲಿಷಿನಲ್ಲಿ ಅದರರ್ಥ ಈಗಲೇ ಚರ್ಚೆಗೆ ಎತ್ತಿಕೊಳ್ಳೋದು. ಅಮೆರಿಕದವರ ಇಂಗ್ಲಿಷಿನಲ್ಲಿ ಸದ್ಯಕ್ಕೆ ಪಕ್ಕಕ್ಕಿಡೋದು. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ, ಆದರೂ ಬಹಳ ಹೊತ್ತು ವಾಗ್ವಾದ ನಡೆಯಿತು ಅಂತ ಚರ್ಚಿಲ್ ತಮ್ಮ ಯುದ್ಧಕಾಲದ ನೆನಪುಗಳಲ್ಲಿ ಬರೆದಿದ್ದಾರೆ. ಮೇಜಿನ ಎರಡೂ ಕಡೆ ಇದ್ದವರು ಸಮಬಲದವರು, ಹಾಗಾಗಿ ಆ ಗೊಂದಲ ಪುಸ್ತಕದಲ್ಲಿ ಒಂದು ತಮಾಷೆಯಾಗಿ ಉಳಿಯಿತು. ಕಾನ್‌ಸ್ಟೆಬಲ್ ಮತ್ತು ಅವರ ಇಲಾಖೆ ಸಮಬಲದವರಲ್ಲ. ಅಲ್ಲಿ ಅದು ಆರೋಪಪಟ್ಟಿ ಆಯಿತು.

ಟವಲ್ ಅಡಿಯ ಬೆರಳುಗಳು

ಸ್ಲ್ಯಾಂಗ್ ಅಂದರೆ ‘ಕೆಟ್ಟ ಭಾಷೆ’ ಅನ್ನೋ ಅಭಿಪ್ರಾಯ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಒಂದು ಗುಂಪಿನವರು ತಮ್ಮವರನ್ನು ಗುರುತಿಸಿಕೊಳ್ಳೋದಕ್ಕೆ, ಹೊರಗಿನವರನ್ನು ಹೊರಗೇ ಇಡೋದಕ್ಕೆ ಮಾಡಿಕೊಂಡ ಮಾತು. ದನದ ಜಾತ್ರೆಗೆ ಹೋದವರು ನೋಡಿರ್ತೀರಿ. ದಲ್ಲಾಳಿಗಳು ಕೈ ಮೇಲೆ ಟವಲ್ ಹೊದಿಸಿಕೊಂಡು, ಬೆರಳು ಹಿಡಿದು ಬೆಲೆ ಕೂಗದೆಯೇ ವ್ಯಾಪಾರ ಮುಗಿಸ್ತಾರೆ. ಪಕ್ಕದಲ್ಲಿ ನಿಂತವನಿಗೆ ಗೊತ್ತಾಗಬಾರದು ಅನ್ನೋದೇ ಅದರ ಉದ್ದೇಶ. ಸ್ಲ್ಯಾಂಗ್ ಕೂಡ ಹಾಗೇ, ಟವಲ್ ಅಡಿಯ ಭಾಷೆ. 2025ರಲ್ಲಿ ಡಿಕ್ಷನರಿ ಡಾಟ್ ಕಾಮ್ ವರ್ಷದ ಪದ ಅಂತ ಆರಿಸಿದ್ದು ‘ಸಿಕ್ಸ್ ಸೆವೆನ್’ ಅನ್ನು. ಅದರರ್ಥ ಏನು ಅಂತ ಕೇಳಿದರೆ ಬಳಸುವ ಮಕ್ಕಳೂ ನಗ್ತಾರೆ, ಯಾಕೆಂದರೆ ಗಟ್ಟಿಯಾದ ಅರ್ಥ ಅನ್ನೋದೇ ಅದಕ್ಕಿಲ್ಲ. ಕೇಳಿದವನು ಹೊರಗಿನವನು ಅಂತ ಗೊತ್ತಾಗುತ್ತೆ, ಅಲ್ಲಿಗೆ ಅದರ ಕೆಲಸ ಮುಗೀತು.

ಇಂಥ ಮಾತು ಮೊಬೈಲ್‌ನಿಂದ ಸೀದಾ ಆಫೀಸಿನ ಚಾಟ್‌ಗೆ ಬಂದಾಗ ತೊಡಕು ಶುರುವಾಗುತ್ತೆ. ‘ಐದು ಗಂಟೆಗೆ ಕಳಿಸ್ತೀಯಾ?’ ಅಂತ ಮ್ಯಾನೇಜರ್ ಕೇಳಿದರೆ ಹುಡುಗ ‘ಬೆಟ್’ ಅಂತ ಟೈಪ್ ಮಾಡ್ತಾನೆ. ಅವನ ಪ್ರಕಾರ ಅದು ‘ಖಂಡಿತ’. ಮ್ಯಾನೇಜರ್‌ಗೆ ಅದು ಪಂದ್ಯ ಕಟ್ಟಿದ ಹಾಗೆ, ಸವಾಲು ಹಾಕಿದ ಹಾಗೆ. ‘ಕುಕ್ಡ್’ ಅನ್ನೋದಂತೂ ಇನ್ನೂ ಸೊಗಸು. ‘ವಿ ಆರ್ ಕುಕ್ಡ್’ ಅಂದರೆ ನಮ್ಮ ಕಥೆ ಮುಗೀತು ಅಂತ. ‘ಶಿ ಕುಕ್ಡ್’ ಅಂದರೆ ಅವಳು ಕೆಲಸ ಬೆಂಕಿಯಾಗಿ ಮಾಡಿದಳು ಅಂತ. ಒಂದೇ ಅಡುಗೆ, ಎರಡು ರುಚಿ. ತಲೆಬುರುಡೆಯ ಎಮೋಜಿ ಇಪ್ಪತ್ತೆರಡು ವರ್ಷದವರಿಗೆ ‘ನಕ್ಕು ನಕ್ಕು ಸತ್ತೆ’. ನಲವತ್ತೈದರವರಿಗೆ ಅದು ಟ್ರಾನ್ಸ್‌ಫಾರ್ಮರ್ ಮೇಲಿನ ಅಪಾಯದ ಬೋರ್ಡು.

ಚುಕ್ಕಿ ಕೂಡ ಇದರಿಂದ ತಪ್ಪಿಸಿಕೊಂಡಿಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ 126 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದೇ ಪದದ ಉತ್ತರದ ಕೊನೆಗೆ ಪೂರ್ಣವಿರಾಮ ಇಟ್ಟ ಟೆಕ್ಸ್ಟ್ ಮೆಸೇಜುಗಳು ಅವರಿಗೆ ಕಡಿಮೆ ಪ್ರಾಮಾಣಿಕ ಅನಿಸಿದವು. ಕೈಬರಹದ ಚೀಟಿಯಲ್ಲಿ ಅದೇ ಚುಕ್ಕಿಯಿಂದ ಆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಿಮ್ಮ ಬಾಸ್ ‘ಓಕೆ’ ಬರೆದು ಚುಕ್ಕಿ ಇಟ್ಟರೆ ಬೇಜಾರಾಗಬೇಡಿ. ಶಾಲೆಯಲ್ಲಿ ಚುಕ್ಕಿ ಇಡದಿದ್ದರೆ ಮೇಷ್ಟ್ರು ಮಾರ್ಕ್ಸ್ ಕಳೀತಿದ್ದರು, ಆ ಭಯ ಇನ್ನೂ ಹೋಗಿಲ್ಲ ಅಷ್ಟೆ.

ಬೆಂಗಳೂರಿನ ಒಂದು ಫ್ಲೋರ್

ಇದೆಲ್ಲ ಇಂಗ್ಲಿಷಿನ ಸಮಸ್ಯೆ ಅಂದುಕೊಂಡರೆ ಬೆಂಗಳೂರಿನ ಯಾವುದಾದರೂ ಟೆಕ್ ಪಾರ್ಕಿನಲ್ಲಿ ಒಂದು ದಿನ ಕೂತು ನೋಡಿ. ನಾನು ಎಂಜಿನಿಯರಿಂಗ್ ಮುಗಿಸಿ, ಪತ್ರಿಕೋದ್ಯಮಕ್ಕೆ ಬರೋ ಮೊದಲು ಅಂಥ ಒಂದು ಫ್ಲೋರ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಅಲ್ಲಿ ನಮ್ಮ ಕನ್ನಡದ ಸ್ಲ್ಯಾಂಗೇ ಸಾಕಷ್ಟು ಕಿತಾಪತಿ ಮಾಡ್ತಿತ್ತು.

‘ಸಖತ್’ ಪದ ಪಾರ್ಸಿ ಮೂಲದ್ದು, ಅಲ್ಲಿ ಅದಕ್ಕೆ ಗಟ್ಟಿ, ಕಠಿಣ ಅನ್ನೋ ಅರ್ಥ. ಹಿಂದಿ, ಉರ್ದುವಿನಲ್ಲಿ ಇವತ್ತಿಗೂ ಅದೇ ಅರ್ಥ. ನಮ್ಮ ಬಾಯಲ್ಲಿ ಅದು ಭರ್ಜರಿ ಅಂತಾಯಿತು. ‘ಇವತ್ತಿನ ರಿವ್ಯೂ ಸಖತ್ತಾಗಿತ್ತು’ ಅಂತ ಕನ್ನಡದವನು ಖುಷಿಯಲ್ಲಿ ಹೇಳಿದರೆ, ಅರೆಬರೆ ಕನ್ನಡ ಕಲಿತ ಲಖನೌ ಸಹೋದ್ಯೋಗಿಗೆ ‘ಪಾಪ, ಸರಿಯಾಗಿ ಬೈಸಿಕೊಂಡಿದ್ದಾನೆ’ ಅನಿಸೋದು ಸಹಜ. ‘ಚಿಂದಿ’ ಇನ್ನೂ ಅಪಾಯ. ನಮಗೆ ‘ಚಿಂದಿ ಮಾಡಿಬಿಟ್ಟೆ’ ಅನ್ನೋದು ದೊಡ್ಡ ಹೊಗಳಿಕೆ. ಮುಂಬೈ ಹಿಂದಿಯಲ್ಲಿ ಚಿಂದಿ ಅಂದರೆ ಚಿಲ್ಲರೆ, ಕಳಪೆ. ಮುಂಬೈನಿಂದ ಬಂದವರ ಪ್ರೆಸೆಂಟೇಷನ್ ಮುಗಿದ ಕೂಡಲೇ ಹೀಗೆ ಹೊಗಳಿ ನೋಡಿ, ಮುಖ ಸಪ್ಪಗಾಗದಿದ್ದರೆ ಕೇಳಿ. ‘ಮಚ್ಚಾ’ ತಮಿಳಿನ ಮಚ್ಚಾನ್‌ನಿಂದ ಬಂದದ್ದು. ಅಲ್ಲಿ ಅದು ಭಾವ, ಭಾಮೈದನ ಸಂಬಂಧ. ಇಲ್ಲಿ ಯಾರ ಅಕ್ಕನನ್ನೂ ಮದುವೆಯಾಗದೆ ಎಲ್ಲರೂ ಮಚ್ಚಾ.

ಇನ್ನು ‘ಗುರು’. ಒಂದು ಕಾಲದಲ್ಲಿ ಪಾದ ಮುಟ್ಟಿ ಹೇಳುತ್ತಿದ್ದ ಪದವನ್ನು ಬೆಂಗಳೂರು ಹೆಗಲ ಮೇಲೆ ಕೈ ಹಾಕಿ ಹೇಳೋ ಪದ ಮಾಡಿಕೊಂಡಿದೆ. ‘ಸ್ವಲ್ಪ ಜರುಗು ಗುರು’ ಅಂತ ಬಸ್ಸಿನಲ್ಲಿ ಅಂದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಅದೇ ಪದವನ್ನು ಸೆಕ್ಯುರಿಟಿಯವರು ಮ್ಯಾನೇಜರ್‌ಗೆ ಹೇಳಿದರೆ ಸಂಜೆಯೊಳಗೆ ಏಜೆನ್ಸಿಗೆ ಫೋನ್ ಹೋಗುತ್ತೆ. ಮ್ಯಾನೇಜರ್ ಸೆಕ್ಯುರಿಟಿಯವರಿಗೆ ‘ಏನ್ ಗುರು, ಆರಾಮಾ?’ ಅಂದರೆ ಅವರು ತುಂಬಾ ಸರಳ ಮನುಷ್ಯ ಅನಿಸಿಕೊಳ್ತಾರೆ. ಪದ ಅದೇ. ಮೇಲಿಂದ ಕೆಳಗೆ ಬಂದರೆ ಆತ್ಮೀಯತೆ, ಕೆಳಗಿಂದ ಮೇಲೆ ಹೋದರೆ ಉದ್ಧಟತನ.

ಕನ್ನಡದ ಒಳಗೇ ಇದು ಊರಿಂದ ಊರಿಗೆ ಬದಲಾಗುತ್ತೆ. ಹುಬ್ಬಳ್ಳಿ, ಬಾಗಲಕೋಟೆ ಕಡೆ ಗೆಳೆಯರ ನಡುವೆ ‘ಲೇ’ ಅನ್ನೋದರಲ್ಲಿ ಪ್ರೀತಿ ತುಂಬಿರುತ್ತೆ. ಬೆಂಗಳೂರಿನಲ್ಲಿ ಅದು ಜಗಳದ ಮೊದಲ ಅಕ್ಷರ. ಆ ಕಡೆ ‘ರೀ’ ಹಚ್ಚಿದರೆ ಮರ್ಯಾದೆ, ಈ ಕಡೆ ಅಪರಿಚಿತರಿಗೆ ‘ಏನ್ರೀ?’ ಅಂದರೆ ತೋಳು ಮಡಚಿದ ಹಾಗೆ. ಮಂಗಳೂರಿನವರ ‘ಮಾರಾಯ’ ಮಾತ್ರ ಯಾಕೋ ಎಲ್ಲ ಕಡೆ ಸುಲಭವಾಗಿ ಪಾಸಾಗುತ್ತೆ. ನನ್ನ ಜೊತೆ ಕೆಲಸ ಮಾಡ್ತಿದ್ದ ಬಾಗಲಕೋಟೆ ಕಡೆಯ ಹುಡುಗನ ಬಗ್ಗೆ ಅಪ್ರೈಸಲ್‌ನಲ್ಲಿ ‘ಸಂವಹನ ಒರಟು’ ಅಂತ ಬರೆದಿದ್ದರು. ಅವನ ಕೋಡ್ ಬಗ್ಗೆ ಒಂದೇ ಒಂದು ದೂರು ಇರಲಿಲ್ಲ. ಅದೇ ತಂಡದಲ್ಲಿ ಇಂಗ್ಲಿಷಿನ ನಾಲ್ಕಕ್ಷರದ ಬೈಗುಳವನ್ನು ಅಲ್ಪವಿರಾಮದ ಹಾಗೆ ಬಳಸುವವರೂ ಇದ್ದರು. ಅವರ ‘ಸಂವಹನ’ಕ್ಕೆ ಒಳ್ಳೆ ಅಂಕ ಬಂತು. ಅದನ್ನು ತಪ್ಪು ತಿಳುವಳಿಕೆ ಅಂತ ಕರೆಯೋದಕ್ಕೆ ನನಗೆ ಮನಸ್ಸಿಲ್ಲ. ಎಲ್ಲರಿಗೂ ಎಲ್ಲವೂ ಸರಿಯಾಗಿಯೇ ಅರ್ಥವಾಗಿತ್ತು.

ಅಮೆರಿಕದಲ್ಲೂ ಇದೇ ಕಥೆ ಇದೆ. ಇವತ್ತು ಜಗತ್ತಿನ ಹುಡುಗರೆಲ್ಲ ‘ಇಂಟರ್ನೆಟ್ ಭಾಷೆ’ ಅಂತ ಬಳಸುವ ‘ನೋ ಕ್ಯಾಪ್’, ‘ಲಿಟ್’, ‘ಸ್ಲೇ’ಯಂಥ ಪದಗಳಲ್ಲಿ ಬಹಳಷ್ಟು ಕಪ್ಪು ಜನರ ಮಾತಿನಿಂದ, ಅವರಲ್ಲೂ ಲಿಂಗತ್ವ ಅಲ್ಪಸಂಖ್ಯಾತರು ಕಟ್ಟಿದ ಬಾಲ್‌ರೂಮ್ ಸಂಸ್ಕೃತಿಯಿಂದ ಬಂದವು. ಕಂಪನಿಗಳ ಜಾಹೀರಾತಿನಲ್ಲಿ ಅವು ಟ್ರೆಂಡಿ. ಕಪ್ಪು ನೌಕರರು ಸಂದರ್ಶನದಲ್ಲಿ ಅದೇ ಧಾಟಿಯಲ್ಲಿ ಮಾತಾಡಿದರೆ ವೃತ್ತಿಪರತೆ ಕಡಿಮೆ ಅನ್ನೋ ಷರಾ ಬೀಳುತ್ತೆ. ನಮ್ಮಲ್ಲಿ ಆಟೋ ಸ್ಟ್ಯಾಂಡಿನ ಮಾತು ಸ್ಟಾರ್ಟಪ್ ಹೋರ್ಡಿಂಗ್ ಮೇಲೆ ‘ಲೋಕಲ್ ಫ್ಲೇವರ್’ ಆಗಿ, ಅದೇ ಆಟೋ ಚಾಲಕರ ಮಗ ಸಂದರ್ಶನಕ್ಕೆ ಬಂದಾಗ ‘ಪಾಲಿಶ್ ಸಾಲದು’ ಆಗೋ ಹಾಗೆ.

ಇಲ್ಲಿ ಯುವಕರ ಪರ ಮಾತ್ರ ವಾದ ಮಾಡಿದರೆ ನ್ಯಾಯ ಆಗಲ್ಲ. ರೀಲ್ಸ್ ಇಂಗ್ಲಿಷ್ ಕೂಡ ಒಂದು ಗೋಡೆ. ಕನ್ನಡ ಮಾಧ್ಯಮದಲ್ಲಿ ಓದಿ, ಸಿಂಧನೂರಿನಿಂದಲೋ ಚಾಮರಾಜನಗರದಿಂದಲೋ ಬಂದು, ಆಫೀಸಿನ ಇಂಗ್ಲಿಷನ್ನು ಕಷ್ಟಪಟ್ಟು ರೂಢಿಸಿಕೊಂಡ ಹುಡುಗಿ ತಂಡದ ಚಾಟ್ ತೆರೆದರೆ ಅಲ್ಲಿ ‘ಡೆಲುಲು’, ‘ಲೋಕೀ’, ‘ಶಿ ಏಟ್’. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಇದಲ್ಲವಲ್ಲ ಅಂತ ಅವಳಿಗೆ ದಿಗಿಲು. ಕೇಳೋದಕ್ಕೆ ಸಂಕೋಚ, ಕೇಳಿದರೆ ನಗು. ಹಿಂದಿ ಹೇರಿಕೆ ವಿರುದ್ಧ ಬೆಳಗ್ಗೆ ಪೋಸ್ಟ್ ಹಾಕಿ, ಮಧ್ಯಾಹ್ನ ಇನ್‌ಸ್ಟಾಗ್ರಾಮ್ ಇಂಗ್ಲಿಷಿನಲ್ಲಿ ಪಕ್ಕದ ಸೀಟಿನ ಕನ್ನಡದವಳನ್ನು ಹೊರಗಿಡೋ ಗೆಳೆಯರು ನನಗೂ ಇದ್ದಾರೆ.

ಬಾಸ್‌ಗಳ ಸ್ಲ್ಯಾಂಗ್‌ಗೆ ಬೇರೆ ಹೆಸರಿದೆ

ಮ್ಯಾನೇಜರ್‌ಗಳು ಸ್ಲ್ಯಾಂಗ್ ಬಳಸಲ್ಲ ಅಂತ ಯಾರು ಹೇಳಿದ್ದು? ಅವರದ್ದಕ್ಕೆ ಜಾರ್ಗನ್ ಅಂತ ಕರೀತಾರೆ, ಅದನ್ನು ಇಂಡಕ್ಷನ್‌ನಲ್ಲಿ ಕಲಿಸ್ತಾರೆ, ಅಷ್ಟೇ ವ್ಯತ್ಯಾಸ. ಮನುಷ್ಯ ‘ರಿಸೋರ್ಸ್’. ಕೈಯಲ್ಲಿ ಪ್ರಾಜೆಕ್ಟ್ ಇಲ್ಲದಿದ್ದರೆ ‘ಬೆಂಚ್’. ಜನ ತೆಗೆಯೋದಕ್ಕೆ ‘ರೈಟ್‌ಸೈಜಿಂಗ್’, ‘ರ್‍ಯಾಂಪ್ ಡೌನ್’. ನಾನಿದ್ದ ಫ್ಲೋರ್‌ನಲ್ಲೇ ಒಬ್ಬ ಫ್ರೆಶರ್‌ಗೆ ‘ನಿನ್ನನ್ನ ಶುಕ್ರವಾರದಿಂದ ರಿಲೀಸ್ ಮಾಡಿದ್ದೀವಿ’ ಅಂತ ಮೇಲ್ ಬಂತು. ಪ್ರಾಜೆಕ್ಟಿನಿಂದ ಬಿಡುಗಡೆ ಅನ್ನೋದು ಅದರರ್ಥ. ಆ ಹುಡುಗಿ ಕೆಲಸವೇ ಹೋಯಿತು ಅಂದುಕೊಂಡು ಪಿಜಿ ಖಾಲಿ ಮಾಡೋ ಯೋಚನೆಯಲ್ಲಿ ಊರಿಗೆ ಫೋನ್ ಮಾಡಿ ಅತ್ತಿದ್ದಳು. ಸೋಮವಾರ ತಂಡದಲ್ಲಿ ಅದೊಂದು ಜೋಕ್ ಆಯಿತು. ಮೇಲ್ ಬರೆದವರಿಗೆ ಯಾರೂ ‘ಸಂವಹನ’ದ ಪಾಠ ಮಾಡಲಿಲ್ಲ.

ದೊಡ್ಡ ಮಟ್ಟದಲ್ಲಿ ಇದು ನಡೆದದ್ದು 2022ರಲ್ಲಿ. ಕೆಲಸದ ಜೊತೆಗೆ ಇನ್ನೊಂದು ಸಣ್ಣ ಕೆಲಸ ಮಾಡೋದಕ್ಕೆ ಹುಡುಗರು ‘ಸೈಡ್ ಹಸಲ್’ ಅಂತಿದ್ದರು. ಲಿಂಕ್ಡ್‌ಇನ್‌ನಲ್ಲಿ ಅದು ಹೆಮ್ಮೆಯ ಮಾತು. ಕಂಪನಿಗಳ ಬಾಯಲ್ಲಿ ಅದು ‘ಮೂನ್‌ಲೈಟಿಂಗ್’. ಆ ವರ್ಷ ಆಗಸ್ಟ್‌ನಲ್ಲಿ ವಿಪ್ರೋ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಅದಕ್ಕೆ ಮೂರನೇ ಹೆಸರಿಟ್ಟರು: ಮೋಸ. ಪ್ರತಿಸ್ಪರ್ಧಿ ಕಂಪನಿಗಳಿಗೆ ಕೆಲಸ ಮಾಡುತ್ತಿದ್ದ 300 ಮಂದಿಯನ್ನು ತೆಗೆದಿದ್ದೇವೆ ಅಂತ ಮರುತಿಂಗಳು ತಿಳಿಸಿದರು. ಪ್ರತಿಸ್ಪರ್ಧಿಗೆ ಕೆಲಸ ಮಾಡಿದ್ದು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ವಾರಾಂತ್ಯದಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವವನೂ, ಎರಡು ಕಂಪನಿಗಳಿಂದ ಸಂಬಳ ತಗೊಳ್ಳುವವನೂ ಆ ಒಂದು ಪದದೊಳಗೆ ಒಟ್ಟಿಗೆ ಬಿದ್ದರು ಅನ್ನೋದು ನನ್ನ ತಕರಾರು.

ಕಾನೂನು ಎಲ್ಲಿ ನಿಲ್ಲುತ್ತೆ

ಹಾಗಾದರೆ ಹೇಳಿದವರ ಉದ್ದೇಶವೇ ಯಾವಾಗಲೂ ಕೊನೆಯ ಮಾತಾ? ಅಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ವ್ಯಾಖ್ಯಾನ ನಿಂತಿರೋದು ‘ಅನಪೇಕ್ಷಿತ’ ಅನ್ನೋ ಪದದ ಮೇಲೆ. ಲೈಂಗಿಕ ಛಾಯೆಯ ಮಾತೂ ಅದರಡಿ ಬರುತ್ತೆ. ‘ಫಿಗರ್’, ‘ಬೇಬ್’, ‘ಐಟಂ’ ನಮ್ಮ ಗ್ಯಾಂಗಿನಲ್ಲಿ ಮಾಮೂಲಿ ಅಂತ ಹೇಳಿ ಪಾರಾಗೋ ಹಾಗಿಲ್ಲ. ಕೇಳಿಸಿಕೊಂಡ ಮಹಿಳೆಗೆ ಅದು ಬೇಡವಾಗಿತ್ತಾ ಅನ್ನೋದು ಮುಖ್ಯ. 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರಿಗೆ 3 ತಿಂಗಳ ಅವಧಿ ಇದೆ, ತಕ್ಕ ಕಾರಣ ಇದ್ದರೆ ಇನ್ನೂ 3 ತಿಂಗಳು ವಿಸ್ತರಿಸಬಹುದು. ಇಲ್ಲಿ ಕಾನೂನು ಅರ್ಥ ಹೇಳೋ ಅಧಿಕಾರವನ್ನು ಬೇಕಂತಲೇ ಕೇಳಿಸಿಕೊಂಡವರ ಕಡೆ ವಾಲಿಸಿದೆ, ಯಾಕೆಂದರೆ ಅಷ್ಟು ವರ್ಷ ಅದು ಪೂರ್ತಿ ಇನ್ನೊಂದು ಕಡೆ ಇತ್ತು. ಜಾತಿ ಸೂಚಕ ಪದಗಳನ್ನು ‘ತಮಾಷೆಗೆ ಅಂದೆ’ ಅನ್ನುವವರಿಗೂ ನನ್ನ ಉತ್ತರ ಇದೇ.

ಉಳಿದ ಕಡೆ ರಕ್ಷಣೆ ತೆಳು. ರೈಲ್ವೆ ಕಾನ್‌ಸ್ಟೆಬಲ್‌ಗೆ ಇಲಾಖಾ ವಿಚಾರಣೆಯ ನಿಯಮಗಳಿದ್ದವು, ಹೈಕೋರ್ಟಿನ ಬಾಗಿಲಿತ್ತು. ಖಾಸಗಿ ಐಟಿ ಕಂಪನಿಯಲ್ಲಿ ಆ ದಾರಿ ಅಷ್ಟು ಸಲೀಸಲ್ಲ. ಯಾವುದು ದುರ್ನಡತೆ, ಅದಕ್ಕೆ ವಿಚಾರಣೆ ಹೇಗೆ ಅಂತ ಲಿಖಿತವಾಗಿ ಹೇಳಬೇಕಾದದ್ದು ಸ್ಥಾಯಿ ಆದೇಶಗಳು. 1946ರ ಆ ಕಾಯ್ದೆಯಿಂದ ಐಟಿ ವಲಯಕ್ಕೆ ಕರ್ನಾಟಕ ಸರ್ಕಾರ ವಿನಾಯಿತಿ ಕೊಡುತ್ತಲೇ ಬಂತು. 2019ರಲ್ಲಿ 5 ವರ್ಷ ವಿಸ್ತರಿಸಿತು, ಅದು ಮುಗಿದಾಗ 2024ರಲ್ಲಿ ಮತ್ತೆ ವಿಸ್ತರಿಸಿತು. ಸರ್ಕಾರದ ಪಕ್ಷ ಬದಲಾಯಿತು, ಈ ಒಂದು ವಿಷಯದಲ್ಲಿ ನಿಲುವು ಬದಲಾಗಲಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ಸ್ಥಾಯಿ ಆದೇಶ ಅನ್ವಯಿಸೋದು 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಮೂವತ್ತು ಜನರ ಸ್ಟಾರ್ಟಪ್‌ನಲ್ಲಿ ನಿಮ್ಮ ಎಮೋಜಿಯ ಅರ್ಥ ಏನು ಅಂತ ಹೇಳೋರು ಸ್ಥಾಪಕರೇ.

ನೋಟಿಸ್ ಬಂದರೆ ಏನು ಮಾಡೋದು ಅಂತ ಹಲವರು ಕೇಳ್ತಾರೆ. ಇದಕ್ಕೆ ಕೆನಡಾದ ಒಂದು ಪ್ರಕರಣ ಉಪಯೋಗಕ್ಕೆ ಬರುತ್ತೆ. 2021ರಲ್ಲಿ ಸಸ್ಕ್ಯಾಚೆವಾನ್ ಪ್ರಾಂತ್ಯದ ಧಾನ್ಯ ಕಂಪನಿಯೊಂದು ರೈತರೊಬ್ಬರಿಗೆ ಅಗಸೆ ಬೀಜದ ಒಪ್ಪಂದದ ಫೋಟೊ ಕಳಿಸಿ, ಖಚಿತಪಡಿಸಿ ಅಂದಿತು. ರೈತ ಥಮ್ಸ್ ಅಪ್ ಒತ್ತಿದರು. ಒಪ್ಪಂದ ತಲುಪಿದೆ ಅನ್ನೋದಷ್ಟೇ ಅದರರ್ಥ ಅಂತ ಅವರ ವಾದ, ಒಪ್ಪಿದ್ದೇನೆ ಅಂತ ಅರ್ಥ ಅನ್ನೋದು ಕಂಪನಿಯ ವಾದ. 2023ರಲ್ಲಿ ನ್ಯಾಯಾಲಯ ಅದನ್ನು ಸಹಿ ಅಂತಲೇ ಪರಿಗಣಿಸಿ, ಸುಮಾರು 82,000 ಕೆನಡಿಯನ್ ಡಾಲರ್ ಪರಿಹಾರ ಕೊಡಿಸಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ನ್ಯಾಯಾಧೀಶರು ಡಿಕ್ಷನರಿಯನ್ನೂ ನೋಡಿದರು, ಆದರೆ ಅವರಿಗೆ ದಾರಿ ತೋರಿಸಿದ್ದು ಆ ಇಬ್ಬರ ಹಳೆಯ ಮೆಸೇಜುಗಳು. ಹಿಂದಿನ ಒಪ್ಪಂದಗಳಿಗೂ ಆ ರೈತ ‘ಓಕೆ’, ‘ಯಪ್’ ಅಂತ ಚುಟುಕಾಗಿ ಉತ್ತರಿಸಿ, ಧಾನ್ಯವನ್ನೂ ತಲುಪಿಸಿದ್ದರು.

ಮದ್ರಾಸ್ ಹೈಕೋರ್ಟಿನಲ್ಲಿ ‘ನೋಡಿದೆ’, ಸಸ್ಕ್ಯಾಚೆವಾನ್‌ನಲ್ಲಿ ‘ಒಪ್ಪಿದೆ’. ಹಾಗಾಗಿ ದೂರು ಕೊಟ್ಟವರ ಒಂದೇ ಒಂದು ಸ್ಕ್ರೀನ್‌ಶಾಟ್ ಮೇಲೆ ಉತ್ತರ ಬರೆಯೋದಕ್ಕೆ ಒಪ್ಪಬೇಡಿ. ಅದರ ಹಿಂದಿನ, ಮುಂದಿನ ಮೆಸೇಜುಗಳನ್ನೂ ಸೇರಿಸಿ ಅಂತ ಲಿಖಿತವಾಗಿ ಕೇಳಿ. ಅದೇ ಪದವನ್ನು ಅದೇ ಗ್ರೂಪಿನಲ್ಲಿ ಬೇರೆ ಯಾರು ಯಾರು ಬಳಸಿದ್ದಾರೆ, ಆಗ ಯಾರಿಗೆ ನೋಟಿಸ್ ಹೋಗಿತ್ತು ಅಂತ ಕೇಳಿ. ಮಾತಿನಲ್ಲಿ ಕ್ಷಮೆ ಕೇಳಿಸಿ, ಆಮೇಲೆ ಅದನ್ನೇ ತಪ್ಪೊಪ್ಪಿಗೆ ಅಂತ ಬರೆದುಕೊಳ್ಳೋ ಎಚ್‌ಆರ್ ಮೀಟಿಂಗಿಗೆ ಒಬ್ಬರೇ ಹೋಗಬೇಡಿ. ಬೆಂಗಳೂರಿನಲ್ಲಿ ಐಟಿ ನೌಕರರ ಸಂಘ ಇದೆ, ಕೆಐಟಿಯು ಅಂತ. ರಾಜೀನಾಮೆ ಬರೆದುಕೊಡು ಅಂತ ಒತ್ತಡ ಬಂದರೆ ಸಹಿ ಹಾಕೋ ಮೊದಲು ಅವರಿಗೆ ಫೋನ್ ಮಾಡಿ.